ಭಾವನ ನೀರಿನ ವಾಚು

ನನಗೊಂದು ಚಾಳಿಯಿದೆ. ಸುಮ್ಮನೆ ಕೂತಿರುವಾಗ, ಮಾತಾಡುವಾಗ, ಬಸ್ಸಿಗೆ ಕಾಯುವಾಗ ಎಡಗೈಯ ಮಣಿಕಟ್ಟನ್ನು ಸಣ್ಣಗೆ ಕೊಡವುತ್ತಿರುತ್ತೇನೆ, ಕೈಮೇಲೆ ಕೂತ ನೊಣವನ್ನು ಓಡಿಸುವವನ ಹಾಗೆ. ನೊಣ ಇರುವುದಿಲ್ಲ. ಕಾಲೇಜಿನ ಲೈಬ್ರರಿಯಲ್ಲಿ ನನ್ನ ಎದುರು ಮೇಜಿನ ಸರೋಜಮ್ಮನವರು ಇದು ವಾತವೇ ಸೈ ಎಂದು ತೀರ್ಮಾನಿಸಿ ಯಾವುದೋ ಎಣ್ಣೆಯ ಸೀಸೆ ತಂದುಕೊಟ್ಟಿದ್ದಾರೆ. ಹಚ್ಚಿಕೊಂಡೂ ಇದ್ದೇನೆ, ಬೇಡವೆನ್ನಲು ಮನಸ್ಸಾಗಲಿಲ್ಲ. ಗಣಿತದ ಮೇಷ್ಟ್ರೊಬ್ಬರು ಮೊನ್ನೆ, "ಏನ್ರೀ, ಕೈಯಲ್ಲಿ ವಾಚೇ ಇಲ್ಲ, ಇದ್ದೋರ ತರ ಅಲ್ಲಾಡಿಸ್ತೀರಲ್ರೀ" ಎಂದು ನಕ್ಕರು. ಅವರು ಹೇಳಿದ್ದು ತಮಾಷೆಗೆ. ನನಗೆ ಮಾತ್ರ ಆವತ್ತು ಊಟ ಸೇರಲಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಮೊದಮೊದಲು ಕೊಂಚ ನಗು ಇದೆ, ಆಮೇಲೆ ಇಲ್ಲ. ಮೊದಲೇ ಹೇಳಿಬಿಡುವುದು ಒಳ್ಳೆಯದು.

ವಾಚಿನ ವಿಷಯದಲ್ಲಿ ನಮ್ಮದು ಘನವಾದ ಮನೆತನವೇನಲ್ಲ. ಅಪ್ಪ ಸಂತೇಪೇಟೆಯಲ್ಲಿ ಬೆಲ್ಲದ ಮಂಡಿ ಇಟ್ಟಿದ್ದರು. ಬೆಲ್ಲಕ್ಕೂ ನಿಮಿಷದ ಮುಳ್ಳಿಗೂ ಸಂಬಂಧವಿಲ್ಲ. ಚಾಮರಾಜಪುರಂನ ನಮ್ಮ ಮನೆಗೆ ರೈಲ್ವೆ ವರ್ಕ್‌ಶಾಪಿನ ಸೈರನ್ನು ಕೇಳಿಸುತ್ತಿತ್ತು. ನಂಜನಗೂಡಿನ ರೈಲು ಹಿತ್ತಲಿನಾಚೆ ಕೂಗಿಕೊಂಡು ಹೋಗುತ್ತಿತ್ತು. ಅಮ್ಮ ಅನ್ನಕ್ಕೆ ಎಸರಿಡುವುದು, ಅಪ್ಪನ ಲಿಂಗಪೂಜೆ, ನಮ್ಮ ಸ್ಕೂಲು ಎಲ್ಲವೂ ಆ ಎರಡು ಕೂಗುಗಳ ಲೆಕ್ಕದಲ್ಲಿ ನಡೆದುಹೋಗುತ್ತಿದ್ದವು. ರೈಲು ತಡವಾದ ದಿನ ಊಟವೂ ತಡ, ಯಾರೂ ದೂರುತ್ತಿರಲಿಲ್ಲ. ಕಾಲೇಜು ಸೇರಿದಾಗ ಅಪ್ಪ ನನಗೊಂದು ಕೀ ಕೊಡುವ ವಾಚು ಕೊಡಿಸಿದರು. ಬಿಳೀ ಮುಖ, ಕಂದು ಚರ್ಮದ ಪಟ್ಟಿ. ದಿನವೂ ಸ್ವಲ್ಪ ಹಿಂದೆ ಬೀಳುತ್ತಿತ್ತು. ಹಿಂದೆ ಬೀಳುವುದು ನನ್ನ ಸ್ವಭಾವವೂ ಆದ್ದರಿಂದ ನಾವಿಬ್ಬರೂ ಬಹುಕಾಲ ಜಗಳವಿಲ್ಲದೆ ಬಾಳಿದೆವು. ವಾಚು ಇರುವುದು ಟೈಮು ನೋಡಲಿಕ್ಕೆ, ಅದಕ್ಕಿಂತ ಹೆಚ್ಚಿನ ಆಸೆ ಅದರಲ್ಲಿಟ್ಟುಕೊಳ್ಳುವುದು ಶೋಕಿ ಎಂದು ನಂಬಿದ್ದವನು ನಾನು.

ನೀರಿನ ವಿಷಯದಲ್ಲೂ ಹೀಗೆಯೇ. ನಂಜನಗೂಡಿಗೆ ಹೋದಾಗ ಕಪಿಲೆಯ ಸೋಪಾನಕಟ್ಟೆಯಲ್ಲಿ ನೀರು ಮುಟ್ಟದ ಮೆಟ್ಟಿಲು ಹುಡುಕಿಕೊಂಡು ಕೂತು, ಅಮ್ಮನ ಕೈಯಲ್ಲಿ ಚೊಂಬಿನಿಂದ ನೀರು ಹೊಯ್ಸಿಕೊಂಡು ಪುಣ್ಯ ಸಂಪಾದಿಸುತ್ತಿದ್ದೆ. ಗೌರಕ್ಕ ಮಾತ್ರ ಲಂಗ ಎತ್ತಿ ಕಟ್ಟಿ ಸೊಂಟದ ಮಟ್ಟಕ್ಕೆ ಇಳಿದುಬಿಡುತ್ತಿದ್ದಳು. "ಬಾರೋ ಪುಕ್ಲ, ನೀರೇನ್ ಕಚ್ಚುತ್ತಾ?" ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದಳು. ಹೀಗೆ ನೀರಿಗೆ ಹೆದರದ ಹುಡುಗಿಗೆ ನೀರಿನವರೇ ಗಂಡನಾಗಿ ಬಂದರು.

ಸಂಬಂಧ ತಂದವರು ನಮ್ಮ ದೊಡ್ಡಪ್ಪ. ಮೊಗಸಾಲೆಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಾ, "ಹುಡುಗ ನರಸೀಪುರದ ಕಡೆಯೋನು. ಡೈವರ್ರು" ಎಂದರು.

"ಡ್ರೈವರ್‌ಗೆ ನಾನು ಹೆಣ್ ಕೊಡಲ್ಲ ಕಣಣ್ಣ" ಎಂದರು ಅಪ್ಪ.

"ಡ್ರೈವರ್ ಅಲ್ಲ ಕಣಯ್ಯ, ಡೈವರ್ರು. ಸಮುದ್ರದಲ್ಲಿ."

"ಹಡಗಿನ ಡ್ರೈವರ್ರಾ?"

"ಹಡಗಿನ ಕೆಳಗೆ."

ಅಪ್ಪ ಬಹಳ ಹೊತ್ತು ಯೋಚಿಸಿ, "ಹಡಗಿನ ಕೆಳಗೆ ಏನ್ ಕೆಲ್ಸ ಇರುತ್ತೆ?" ಎಂದು ಕೇಳಿದರು. ಬಾಗಿಲ ಮರೆಯಲ್ಲಿದ್ದ ಅಕ್ಕ ಕಿಸಕ್ಕನೆ ನಕ್ಕದ್ದು ಎಲ್ಲರಿಗೂ ಕೇಳಿಸಿತು. ಆ ನಗುವಿನಲ್ಲೇ ಮದುವೆ ನಿಶ್ಚಯವಾಯಿತೆಂದು ಅಮ್ಮ ಕೊನೆಯ ತನಕ ಹೇಳುತ್ತಿದ್ದಳು.

ಭಾವನ ಹೆಸರು ಮಹದೇವಸ್ವಾಮಿ. ಹೊಳೆಯಲ್ಲಿ ಈಜು ಕಲಿತು, ನೌಕಾಪಡೆ ಸೇರಿ, ಅಲ್ಲಿ ಮುಳುಗುವ ವಿದ್ಯೆ ಕಲಿತು, ಆಮೇಲೆ ಅದನ್ನು ಬಿಟ್ಟು ಮುಂಬಯಿಯಾಚೆ ಸಮುದ್ರದ ತಳದಲ್ಲಿ ಎಣ್ಣೆ ಕೊಳವೆ ಜೋಡಿಸುವ ಕಂಪನಿಯೊಂದರಲ್ಲಿ ದುಡಿಯುತ್ತಿದ್ದರು. ತಿಂಗಳುಗಟ್ಟಲೆ ಅಲ್ಲಿ, ಆಮೇಲೆ ತಿಂಗಳುಗಟ್ಟಲೆ ಮೈಸೂರಲ್ಲಿ. ಒಂದು ಸಲ ಬಂದಾಗ ಅವರ ಕೈಯಲ್ಲಿ ಆ ವಾಚಿತ್ತು. ಕಂಪನಿ ಕೆಲಸದ ಮೇಲೆ ಸಿಂಗಪುರಕ್ಕೆ ಹೋಗಿದ್ದಾಗ ಕೊಂಡದ್ದು, ಸ್ವಿಸ್ ಮಾಲು. ಬೆಲೆ ಎಷ್ಟೆಂದು ಯಾರು ಕೇಳಿದರೂ ಭಾವ ಮಾತು ತಿರುಗಿಸುತ್ತಿದ್ದರು. ಅಕ್ಕನಿಗೆ ಗೊತ್ತಿತ್ತೆಂದು ಕಾಣುತ್ತದೆ. ಅವಳು ಅದನ್ನು "ನನ್ನ ಸವತಿ" ಎಂದೇ ಕರೆಯುತ್ತಿದ್ದಳು. ಸ್ನಾನಕ್ಕೆ ಹೋಗುವಾಗಲೂ ಬಿಚ್ಚದ, ಮಲಗುವಾಗಲೂ ಬಿಚ್ಚದ ಆ ವಾಚನ್ನು ಅವಳು ಮುಟ್ಟಿದ್ದನ್ನು ನಾನು ನೋಡಿರಲಿಲ್ಲ.

ನನಗೂ ಅದನ್ನು ಕಂಡರಾಗುತ್ತಿರಲಿಲ್ಲ. ಒಂದು ಸಲ ನನ್ನ ಕೈಗೆ ಕೊಟ್ಟರು. ಇದ್ದಿಲಿನಂಥ ಕಪ್ಪು ಮುಖ, ಅಂಕಿಗಳ ಜಾಗದಲ್ಲಿ ಬೊಟ್ಟುಗಳು, ಸುತ್ತ ಹಲ್ಲುಹಲ್ಲಿನ ಉಕ್ಕಿನ ಬಳೆ, ಅದರ ಮೇಲೊಂದು ತ್ರಿಕೋನ, ಕೆಳಗೆ ಉಕ್ಕಿನ ಸರಪಳಿ. ಒಗ್ಗರಣೆ ಸೌಟಿನಷ್ಟು ತೂಕ. "ಭಾವ, ಇದನ್ನ ಕಟ್ಕೊಂಡೇ ನೀವು ಮುಳುಗೋದು ಇರಬೇಕು" ಎಂದೆ. ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಹಾಗೆ ನಗುತ್ತಿದ್ದರು, ಎದೆಯಿಂದ. ಆಳದಲ್ಲಿ ಉಸಿರು ಹಿಡಿದು ಅಭ್ಯಾಸವಾದವರ ಎದೆ.

ತೊಂಬತ್ತರ ದಶಕದ ನಡುವೆ ಅವರ ಕಿವಿ ಕೆಟ್ಟಿತು. ಇನ್ನು ಆಳಕ್ಕೆ ಇಳಿಯಕೂಡದೆಂದು ಕಂಪನಿಯ ಡಾಕ್ಟರು ಹೇಳಿದರು. ಭಾವ ಗಂಟುಮೂಟೆ ಕಟ್ಟಿಕೊಂಡು ಬಂದು, ನಮ್ಮ ಮನೆಯಿಂದ ಎರಡು ಬೀದಿಯಾಚೆ ಮನೆ ಮಾಡಿದರು. ಮಕ್ಕಳಿರಲಿಲ್ಲ. ಬೆಳಗ್ಗೆ ಸರಸ್ವತಿಪುರಂನ ಈಜುಕೊಳದಲ್ಲಿ ಮಕ್ಕಳಿಗೆ ಈಜು ಹೇಳಿಕೊಡುವುದು, ಸಂಜೆ ವರಾಂಡದಲ್ಲಿ ಕೂತು ರೇಡಿಯೋ ಕೇಳುವುದು. ಲೈಬ್ರರಿಯಿಂದ ಬರುವ ದಾರಿಯಲ್ಲಿ ನಾನು ಅಲ್ಲಿ ಇಳಿದು ಕಾಫಿ ಕುಡಿದು ಮನೆಗೆ ಹೋಗುವುದು ರೂಢಿಯಾಯಿತು.

ಅಂಥದೊಂದು ಸಂಜೆ ಕರೆಂಟು ಹೋಯಿತು. ಆ ಬೇಸಿಗೆಯಲ್ಲಿ ದಿನವೂ ಹೋಗುತ್ತಿತ್ತು. ಅಕ್ಕ ಒಳಗೆ ಬೆಂಕಿಪೆಟ್ಟಿಗೆ ತಡಕುತ್ತಿದ್ದಳು. ಭಾವನ ಮುಖ ಕಾಣದು, ಕುರ್ಚಿ ಕಾಣದು. ಕತ್ತಲಲ್ಲಿ ಒಂದಷ್ಟು ಹಸಿರು ಬೊಟ್ಟುಗಳು ಮಾತ್ರ ತೇಲುತ್ತಿದ್ದವು, ಯಾರೋ ಮಿಂಚುಹುಳುಗಳನ್ನು ಹಿಡಿದು ಸಾಲಾಗಿ ಕೂರಿಸಿದ ಹಾಗೆ.

"ಅಲ್ಲಿ ಕೆಳಗೆ ಇಷ್ಟೇ ಕಣೋ ಕಾಣ್ಸೋದು" ಎಂದರು ಭಾವ. "ದೀಪ ಇರುತ್ತೆ, ಆದ್ರೆ ಕೆಸರೆದ್ದ್‌ಬುಟ್ರೆ ದೀಪಾನೂ ಇಲ್ಲ. ನಿನ್ ಕೈಯೇ ನಿನಗೆ ಕಾಣಲ್ಲ. ಮೇಲ್ಯಾವುದು ಕೆಳಗ್ಯಾವುದು ಗೊತ್ತಾಗಲ್ಲ. ಆಗ ಇದನ್ನ ನೋಡ್ತಾ ಇರೋದು. ಮುಳ್ಳು ಓಡ್ತಾ ಐತೆ, ಅಂದ್ರೆ ನಾನೂ ಇವ್ನಿ ಅಂತ."

ಅಕ್ಕ ದೀಪ ತಂದಳು. ಹಸಿರು ಮಂಕಾಯಿತು. ನನಗೆ ಯಾಕೋ ದೀಪ ಬರಬಾರದಿತ್ತು ಅನ್ನಿಸಿತು. ಆ ವಾಚನ್ನು ನಾನು ನಿಜವಾಗಿ ನೋಡಿದ್ದು ಆವತ್ತೇ ಮೊದಲು.

ಆಮೇಲೆ ನನ್ನನ್ನು ಈಜುಕೊಳಕ್ಕೆ ಎಳೆದುಕೊಂಡು ಹೋದರು. ನಲವತ್ತು ದಾಟಿದ ಲೈಬ್ರೇರಿಯನ್ ಒಬ್ಬ ಚಡ್ಡಿಯಲ್ಲಿ ನಿಂತ ನೋಟವನ್ನು ನೀವೇ ಊಹಿಸಿಕೊಳ್ಳಿ. ಸುತ್ತಲಿನ ಮಕ್ಕಳು ಊಹಿಸಿಕೊಳ್ಳುವ ಕಷ್ಟವಿಲ್ಲದೆ ನಗುತ್ತಿದ್ದರು. ಧೈರ್ಯಕ್ಕಿರಲೆಂದು ಭಾವ ವಾಚನ್ನು ಬಿಚ್ಚಿ ನನ್ನ ಕೈಗೆ ಕಟ್ಟಿದರು. "ಮುನ್ನೂರು ಮೀಟರ್ ಆಳಕ್ಕೆ ಹೋಗಿ ಬರೋ ವಾಚು ಕಣೋ ನಂಜುಂಡ. ನಿನ್ ಜೊತೇಲಿ ಮೂರು ಅಡಿಗೆ ಬಂದೈತೆ. ಮರ್ಯಾದೆ ಕಳೀಬೇಡ."

ಆ ಉಕ್ಕಿನ ಬಳೆಯ ಗುಟ್ಟು ತಿಳಿದದ್ದು ಅಲ್ಲಿಯೇ. ಇಳಿಯುವ ಮುಂಚೆ ಬಳೆ ತಿರುಗಿಸಿ ತ್ರಿಕೋನವನ್ನು ನಿಮಿಷದ ಮುಳ್ಳಿನ ಎದುರು ತಂದು ನಿಲ್ಲಿಸಬೇಕು. ಅಲ್ಲಿಂದ ಮುಳ್ಳು ಎಷ್ಟು ದೂರ ಹೋಯಿತೋ ಅಷ್ಟು ಹೊತ್ತು ನೀರೊಳಗಿದ್ದ ಹಾಗೆ. ನಾನು ತಿರುಗಿಸಲು ನೋಡಿದೆ, ಬಲಕ್ಕೆ ಬರಲಿಲ್ಲ. ಕೆಟ್ಟಿದೆ ಎಂದೆ.

"ಕೆಟ್ಟಿಲ್ಲ. ಅದು ಎಡಕ್ಕೇ ತಿರುಗೋದು, ಬಲಕ್ಕೆ ಇಲ್ಲ. ನೀರೊಳಗೆ ಎಲ್ಲೋ ಕಂಬಕ್ಕೆ ತಗುಲಿ ತಿರುಗೋಯ್ತು ಅನ್ಕೋ. ಎಡಕ್ಕೆ ತಿರುಗಿದ್ರೆ ಹೊತ್ತು ಜಾಸ್ತಿ ಆಗೈತೆ ಅಂತ ತೋರ್ಸುತ್ತೆ, ಹೆದರ್ಕೊಂಡು ಬೇಗ ಮೇಲಕ್ಕೆ ಬರ್ತೀಯ. ಬಲಕ್ಕೆ ತಿರುಗಿ, ಇನ್ನೂ ಬೇಕಾದಷ್ಟು ಹೊತ್ತೈತೆ ಅಂತ ಸುಳ್ಳು ಹೇಳ್ತು ಅನ್ಕೋ, ಮೇಲಕ್ಕೆ ಬರೋದೇ ಇಲ್ಲ. ಅದಕ್ಕೇ ಮಾಡಿದೋನು, ತಪ್ಪಾದ್ರೂ ಉಳಿದಿರೋ ಹೊತ್ತು ಕಮ್ಮಿ ಕಡೆಗೇ ತಪ್ಪಾಗ್ಲಿ ಅಂತ ಮಾಡವ್ನೆ."

ಈಜು ನನಗೆ ಬರಲಿಲ್ಲ. ಅಂಚಿನ ಕಂಬಿ ಹಿಡಿದು ಕಾಲು ಬಡಿಯುವುದರಲ್ಲಿ ಮಾತ್ರ ಪಳಗಿದೆ. ವಾಚಿನ ಹುಚ್ಚು ಹಿಡಿಯಿತು. ಸಂಜೆಯ ಕಾಫಿಗೆ ಕೂತರೆ ಕಣ್ಣು ಅವರ ಮಣಿಕಟ್ಟಿನ ಮೇಲೆಯೇ. ಕೀ ಕೊಡದೆ ಹೇಗೆ ಓಡುತ್ತದೆಂದು ಕೇಳಿದೆ. ಒಳಗೆ ಅರ್ಧಚಂದ್ರದ ಆಕಾರದ ತೂಕವೊಂದಿದೆ, ಕೈ ಆಡಿದ ಹಾಗೆ ಅದು ತಿರುಗಿ ಸ್ಪ್ರಿಂಗನ್ನು ಬಿಗಿಯುತ್ತದೆ ಎಂದರು. ಕಿವಿಗೆ ಹಿಡಿದು ಅಲ್ಲಾಡಿಸಿದರೆ ಅದು ಗಿರ್ರೆಂದು ತಿರುಗುವುದು ಕೇಳಿಸುತ್ತಿತ್ತು. ಪಕ್ಕದಲ್ಲಿರುವ ಸಣ್ಣ ಗುಂಡಿ ಯಾಕೆಂದು ಕೇಳಿದೆ. ಅದಕ್ಕೆ ಒಂದು ಕಥೆಯೇ ಹೇಳಿದರು. ಬಹಳ ಆಳದ ಕೆಲಸಕ್ಕೆ ಹೋಗುವವರನ್ನು ಹಡಗಿನ ಮೇಲೆ ಕಬ್ಬಿಣದ ಕೋಣೆಯಲ್ಲಿ ವಾರಗಟ್ಟಲೆ ಕೂಡಿಹಾಕಿ, ಬೇರೆ ಯಾವುದೋ ಹಗುರ ಗಾಳಿ ಉಸಿರಾಡಿಸುತ್ತಾರಂತೆ. ಆ ಗಾಳಿ ವಾಚಿನೊಳಗೂ ನುಸುಳುತ್ತದಂತೆ. ಹೊರಗೆ ಬರುವಾಗ ಆ ಗುಂಡಿ ಬಿಚ್ಚಿ ಅದಕ್ಕೆ ದಾರಿ ಬಿಡದಿದ್ದರೆ ಗಾಜು ಸಿಡಿಯುತ್ತದಂತೆ. ಆ ಗಾಳಿಯಲ್ಲಿ ಎಂಥ ದಾಂಡಿಗನ ದನಿಯೂ ಬಾತುಕೋಳಿಯ ದನಿಯಾಗುತ್ತದಂತೆ. ಭಾವ ಮೂಗು ಹಿಡಿದುಕೊಂಡು ಬಾತುಕೋಳಿಯ ದನಿಯಲ್ಲಿ, "ಗೌರಿ, ಇನ್ನೊಂದು ಲೋಟ ಕಾಫಿ" ಎಂದರು. ಅಡುಗೆಮನೆಯಿಂದ ಅಕ್ಕ, "ಸವತೀನ ಕೇಳಿ, ಮಾಡ್ಕೊಡ್ತಾಳೆ" ಎಂದಳು.

ಸಯ್ಯಾಜಿರಾವ್ ರಸ್ತೆಯ ವಾಚಂಗಡಿಗಳ ಗಾಜಿನ ಮುಂದೆ ನಾನು ನಿಲ್ಲತೊಡಗಿದ್ದು ಆ ದಿನಗಳಲ್ಲಿ. ಎಲ್ಲ ಸಪ್ಪೆ ಕಾಣುತ್ತಿದ್ದವು. ನನ್ನ ಕೀ ವಾಚು ನನ್ನ ಕೈಯಲ್ಲೇ ಮುದುಡಿ ಕೂತಿರುತ್ತಿತ್ತು, ಮನೆಯ ಯಜಮಾನ ಬೇರೆಯವರನ್ನು ಹೊಗಳುವುದನ್ನು ಕೇಳಿಸಿಕೊಂಡ ಮುದಿ ನಾಯಿಯ ಹಾಗೆ.

ಈವರೆಗೆ ಹೇಳಿದ್ದು ಒಳ್ಳೆಯ ಕಾಲದ ಮಾತು.

ಒಂದು ಸಂಜೆ ನಾನು ಹೋದಾಗ ಭಾವ ವಾಚನ್ನು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಅದರ ತಿರುಪಿನೊಂದಿಗೆ ಗುದ್ದಾಡುತ್ತಿದ್ದರು. ನೀರು ನುಗ್ಗದ ಹಾಗೆ ಅದರ ತಿರುಪನ್ನು ಬಾಟಲಿಯ ಮುಚ್ಚಳದಂತೆ ಬಿಗಿದಿರುತ್ತದೆ. ತಿರುವಿ ಬಿಚ್ಚಿದರೆ ಮಾತ್ರ ತಾರೀಕು ಬದಲಿಸಬಹುದು. ಹೆಬ್ಬೆರಳು ಜಾರುತ್ತಿತ್ತು. ಪಂಚೆಯ ತುದಿಯಿಂದ ಹಿಡಿದು ನೋಡಿದರು. ಮತ್ತೆ ಜಾರಿತು.

"ಬಿಗಿಯಾಗಿಬುಟ್ಟೈತೆ, ನೋಡು" ಎಂದು ನನಗೆ ಕೊಟ್ಟರು.

ನಾನು ಮುಟ್ಟಿದ ಕೂಡಲೇ ತಿರುಪು ಬಿಚ್ಚಿಕೊಂಡಿತು. ಬಿಗಿಯಾಗಿರಲೇ ಇಲ್ಲ. ಪುಸ್ತಕ ಎತ್ತಿಡುವುದು ಬಿಟ್ಟು ಬೇರೆ ಕಸುಬು ಕಾಣದ ನನ್ನ ಬೆರಳಿಗೆ ಬಂದದ್ದು, ಸಮುದ್ರದ ತಳದಲ್ಲಿ ಬೋಲ್ಟು ಬಿಗಿದ ಬೆರಳಿಗೆ ಬರಲಿಲ್ಲ. ನಾವಿಬ್ಬರೂ ಆ ತಿರುಪನ್ನೇ ನೋಡುತ್ತಾ ಕೂತೆವು. "ಬೆವರು" ಎಂದರು ಭಾವ. "ಹೌದು, ಸೆಕೆ" ಎಂದೆ ನಾನು.

ಆಮೇಲೆ ಅಂಗಿಯ ಗುಂಡಿ. ಆಮೇಲೆ ಕಾಫಿಯ ಲೋಟ. ಈಜುಕೊಳದಲ್ಲಿ ಒಂದು ದಿನ ನೀರಿನಿಂದ ಮೇಲೆ ಹತ್ತಲು ಕೈ ಊರಿದವರು ಊರಲಾಗದೆ ಹಾಗೇ ಜಾರಿದರಂತೆ. ಮಕ್ಕಳು ಸೇರಿ ಎತ್ತಿದರಂತೆ. ಅದನ್ನು ಅವರು ಹೇಳಲಿಲ್ಲ, ಬೇರೆಯವರು ಹೇಳಿದರು. ಮರುದಿನದಿಂದ ಕೊಳಕ್ಕೆ ಹೋಗುವುದು ನಿಂತಿತು.

ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ನಾನೂ ಅಕ್ಕನೂ ಕರೆದುಕೊಂಡು ಹೋದೆವು. ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಮಾಂಸಖಂಡಗಳಿಗೆ ಸುದ್ದಿ ಮುಟ್ಟಿಸುವ ನರಗಳು ಒಂದೊಂದಾಗಿ ಸಾಯುವ ಕಾಯಿಲೆ. ಕೈ, ಕಾಲು, ನಾಲಗೆ, ಕೊನೆಗೆ ಉಸಿರು. ಬುದ್ಧಿಗೆ ಏನೂ ಆಗುವುದಿಲ್ಲ, ಎಲ್ಲವೂ ತಿಳಿಯುತ್ತಿರುತ್ತದೆ. ಮದ್ದಿಲ್ಲ. ಎಷ್ಟು ಕಾಲ ಎಂದು ಅಕ್ಕ ಕೇಳಿದಳು. ಮೂರು ವರ್ಷ ಅನ್ನಿ ಎಂದರು ಡಾಕ್ಟರು.

ವಾಪಸು ಬರುವಾಗ ರೈಲಿನಲ್ಲಿ ಅಕ್ಕ ಕಿಟಕಿಯ ಕಡೆಗೆ ತಿರುಗಿ ಕೂತಿದ್ದಳು. ಭಾವ ನನ್ನ ಕಡೆ ಬಾಗಿ ಮೆಲ್ಲಗೆ, "ಡಾಕ್ಟ್ರುಗಳು ಈ ಬಳೆ ಇದ್ದಂಗೆ ಕಣೋ. ತಪ್ಪಾದ್ರೂ ಕಮ್ಮಿ ಕಡೆಗೇ ಹೇಳಿರ್ತಾರೆ" ಎಂದರು. ನಾನು ಅದನ್ನು ನಂಬಿದೆ. ನಂಬಿಕೊಂಡೇ ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲ ದಾಟಿದೆ. ಡಾಕ್ಟರು ಹೇಳಿದ ಅರ್ಧ ಕಾಲವೂ ಅವರು ಉಳಿಯಲಿಲ್ಲ. ಆ ಡಾಕ್ಟರು ಕನಿಕರಪಟ್ಟು ಹೆಚ್ಚಿಗೇ ಹೇಳಿದ್ದರೆಂದು ಈಗ ತಿಳಿಯುತ್ತದೆ.

ಕೈ ಸೊರಗಿದ ಹಾಗೆ ವಾಚು ಬಳೆಯಂತೆ ಮೊಣಕೈವರೆಗೂ ಜಾರತೊಡಗಿತು. ನಾನು ಅಂಗಡಿಗೆ ಒಯ್ದು ಸರಪಳಿಯ ಕೊಂಡಿ ತೆಗೆಸಿಕೊಂಡು ಬಂದೆ. ಕೆಲವು ವಾರಕ್ಕೆ ಮತ್ತೆ ಜಾರಿತು, ಮತ್ತೆ ತೆಗೆಸಿದೆ. ತೆಗೆದ ಕೊಂಡಿಗಳನ್ನು ಅಂಗಡಿಯವರು ಪುಟ್ಟ ಪೊಟ್ಟಣದಲ್ಲಿ ಹಾಕಿಕೊಟ್ಟು, "ಇಟ್ಕೊಂಡಿರಿ ಸಾರ್, ಕೈ ದಪ್ಪ ಆದ್ರೆ ಬೇಕಾಗುತ್ತೆ" ಎಂದರು.

ಒಂದು ಬೆಳಗ್ಗೆ ವಾಚು ನಿಂತುಹೋಗಿತ್ತು. ಅಕ್ಕ ಹೇಳಿಕಳಿಸಿದ್ದಳು. ನಾನು ಹೋದಾಗ ಭಾವ ದಿಂಬಿಗೊರಗಿ ಕೂತಿದ್ದರು, ಎರಡು ಕೈಗಳೂ ಹೊದಿಕೆಯ ಮೇಲೆ, ಬೇರೆ ಯಾರೋ ತಂದಿಟ್ಟು ಹೋದ ಹಾಗೆ.

"ಬ್ಯಾಟ್ರಿ ಹೋಗಿರ್ಬೇಕು ಕಣೋ, ಹಾಕಿಸ್ಕೊಂಡ್ ಬಾ" ಎಂದಳು ಅಕ್ಕ.

ಭಾವನ ಮಾತು ಆಗಲೇ ತೊದಲುತ್ತಿತ್ತು. ನಮಗಿಬ್ಬರಿಗೆ ಮಾತ್ರ ಸರಿಯಾಗಿ ತಿಳಿಯುತ್ತಿತ್ತು. ಅವರೇ ಹೇಳಿದರು: "ಬ್ಯಾಟ್ರಿ ಇಲ್ಲ ಗೌರಿ ಅದಕ್ಕೆ. ನನ್ ಕೈಯೇ ಅದರ ಬ್ಯಾಟ್ರಿ."

ಅಕ್ಕ ಅಡುಗೆಮನೆಗೆ ಹೋದಳು. ಪಾತ್ರೆ ಬಿದ್ದ ಸದ್ದಾಯಿತು. ಭಾವ ನನ್ನನ್ನು ಕರೆದು, "ನೀನ್ ಕಟ್ಕೋ. ಓಡಾಡ್ಸು. ಸಂಜೆ ತಂದು ತೋರ್ಸು" ಎಂದರು.

ಹೀಗೆ ಆ ವಾಚು ನನ್ನ ಕೈಗೆ ಬಂತು. ಅಂಗಡಿಯ ಗಾಜಿನ ಮುಂದೆ ನಿಂತು ಕಂಡ ಕನಸು ಈ ರೀತಿಯಲ್ಲಿ ಕೈಗೂಡಬಹುದೆಂದು ಗೊತ್ತಿದ್ದರೆ ನಾನು ಆ ರಸ್ತೆಯಲ್ಲೇ ಓಡಾಡುತ್ತಿರಲಿಲ್ಲ. ಪೊಟ್ಟಣದ ಕೊಂಡಿಗಳನ್ನೆಲ್ಲ ಮತ್ತೆ ಹಾಕಿಸಬೇಕಾಯಿತು. ಹಾಕುತ್ತಾ ಅಂಗಡಿಯವರು, "ನೋಡಿ, ನಾನ್ ಹೇಳ್ಲಿಲ್ವಾ?" ಎಂದರು. ಹೌದು ಎಂದೆ.

ಸಂಜೆ ಹೋಗಿ ಭಾವನ ಹಾಸಿಗೆಯ ಅಂಚಿನಲ್ಲಿ ಕೂತು ಕೈ ಚಾಚುತ್ತಿದ್ದೆ. ರೇಡಿಯೋ ವಾರ್ತೆಗೆ ಮುಂಚೆ ಬರುವ ಪೀಪ್ ಸದ್ದಿನೊಂದಿಗೆ ಸೆಕೆಂಡಿನ ಮುಳ್ಳನ್ನು ಹೊಂದಿಸಿ ನೋಡುತ್ತಿದ್ದರು. ಸರಿಯಿದ್ದರೆ ಕಣ್ಣು ಮಿಟುಕಿಸುತ್ತಿದ್ದರು. ಆಮೇಲೆ ಕೇಳುತ್ತಿದ್ದರು: "ಎಲ್ಲೆಲ್ ಹೋಗಿತ್ತು ಇವತ್ತು?"

ಮೊದಲ ದಿನ, "ಲೈಬ್ರರಿಗೆ ಹೋಗಿತ್ತು ಭಾವ" ಎಂದೆ. ಎರಡನೆಯ ದಿನವೂ ಅದನ್ನೇ ಹೇಳಲು ನಾಚಿಕೆಯಾಯಿತು. ಸಮುದ್ರದ ತಳ ಕಂಡ ವಾಚನ್ನು ಧೂಳು ತಿನ್ನುವ ಪುಸ್ತಕದ ಕಪಾಟುಗಳ ನಡುವೆ ಅಲೆದಾಡಿಸಿ ತಂದೆ ಎಂದು ಹೇಗೆ ಹೇಳುವುದು? ಹಾಗಾಗಿ ಬೇರೆ ಬೇರೆ ದಾರಿ ಹಿಡಿಯತೊಡಗಿದೆ. ಬೆಳಗಾಗುತ್ತಲೇ ಕುಕ್ಕರಹಳ್ಳಿ ಕೆರೆಯ ಏರಿ ಸುತ್ತಿದೆ. ಹೆಜ್ಜಾರ್ಲೆ ಹಕ್ಕಿಗಳು ಕೂತಿದ್ದ ಮರ ಯಾವುದೆಂದು ನೋಡಿಟ್ಟುಕೊಂಡೆ. ದೇವರಾಜ ಮಾರ್ಕೆಟ್ಟಿನಲ್ಲಿ ಹೂವಿನವರು ಮೊಳ ಹಾಕುವುದನ್ನು, ಕುಂಕುಮದ ರಾಶಿಯನ್ನು ಗೋಪುರ ಮಾಡುವುದನ್ನು ನಿಂತು ನೋಡಿದೆ. ಲಕ್ಷ್ಮೀಪುರಂನ ಹಳೆಯ ಮನೆಯೊಂದರಲ್ಲಿ ಯಾರೋ ವೀಣೆ ಕಲಿಯುತ್ತಿದ್ದರು; ಒಂದೇ ಸಾಲಿನಲ್ಲಿ ದಿನವೂ ತಪ್ಪುತ್ತಿದ್ದರು. ಆ ತಪ್ಪನ್ನೂ ಒಯ್ದು ಭಾವನಿಗೆ ಒಪ್ಪಿಸಿದೆ. ಬೆಟ್ಟದ ಮೆಟ್ಟಿಲು ಹತ್ತಿ ಏದುಸಿರು ಬಿಟ್ಟೆ. ಹುಟ್ಟಿದ ಊರನ್ನು ನಾನು ಸರಿಯಾಗಿ ನೋಡಿದ್ದು ಆ ಕೆಲವು ತಿಂಗಳಲ್ಲೇ. ಅದೂ ನನಗಾಗಿ ಅಲ್ಲ. ಆ ವಾಚು ಎಷ್ಟು ಚೆನ್ನಾಗಿದೆಯೆಂದು ಆಗ ತಿಳಿಯಿತು. ಬಿಸಿಲಿಗೆ ಹಿಡಿದರೆ ಕಪ್ಪು ಮುಖದೊಳಗೆ ಇನ್ನೊಂದು ಕಪ್ಪು ಕಾಣುತ್ತಿತ್ತು. ಕೈಗೆ ಭಾರ ಅನ್ನಿಸುತ್ತಿದ್ದುದು ಈಗ ಯಾರೋ ಮಣಿಕಟ್ಟು ಹಿಡಿದುಕೊಂಡು ಜೊತೆಗೆ ನಡೆಯುತ್ತಿರುವ ಹಾಗೆ ಅನ್ನಿಸುತ್ತಿತ್ತು. ಕೂತಲ್ಲಿ ಕೂತು ನಿಲ್ಲದಿರಲಿ ಎಂದು ಮೇಜಿನ ಹಿಂದೆಯೂ ಕೈ ಕೊಡವುತ್ತಿದ್ದೆ.

ದನಿ ಇನ್ನೂ ಕೆಟ್ಟಾಗ ಭಾವ ಒಂದೊಂದೇ ಅಕ್ಷರ ಹೆಕ್ಕಿ, "ಬಾತುಕೋಳಿ" ಎಂದರು. ನಗಲು ನೋಡಿದರು. ನಗುವುದಕ್ಕೂ ಮಾಂಸಖಂಡ ಬೇಕು.

ಆಮೇಲೊಂದು ಸಂಜೆ ನಾನು ಎಂದಿನ ಹಾಗೆ ಹೋಗಿ ಕೈ ಚಾಚಿದೆ. ಅವರು ನೋಡಲಿಲ್ಲ. ರೇಡಿಯೋದಲ್ಲಿ ಪೀಪ್ ಬಂತು, ಹೋಯಿತು. ಕೆರೆಯಲ್ಲಿ ನೀರು ಇಳಿದಿದೆ ಎಂದೆ. ಮಾರ್ಕೆಟ್ಟಿಗೆ ನಂಜನಗೂಡಿನ ರಸಬಾಳೆ ಬಂದಿದೆ ಎಂದೆ. ಕಣ್ಣು ಮುಚ್ಚಿಕೊಂಡರು. ಆಮೇಲೆ ತುಟಿ ಅಲ್ಲಾಡಿತು. ಕಿವಿಯಿಟ್ಟು ಕೇಳಿದೆ.

"ನಿಂತ್ಕಳ್ಲಿ ಬುಡು."

"ಏನು ಭಾವ?"

"ವಾಚು. ನಿಂತ್ಕಳ್ಲಿ. ಸಾಕು."

ನಾನು ಅಕ್ಕನ ಮುಖ ನೋಡಿದೆ. ಅವಳು ಗಂಜಿಯ ಬಟ್ಟಲು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಒಂದೊಂದು ಚಮಚ ಕುಡಿಸಲು ಅವಳಿಗೆ ಅರ್ಧ ಸಂಜೆ ಹಿಡಿಯುತ್ತಿತ್ತು; ಅದೇ ಕೆಲಸಕ್ಕೆ ಕೂತಳು. ನಾನು ಬೀದಿಗೆ ಬಂದೆ. ಬಿಚ್ಚಿ ಜೇಬಿನಲ್ಲಿಟ್ಟುಕೊಳ್ಳಬೇಕೆಂದು ಕೊಂಡಿಗೆ ಕೈ ಹಾಕಿದೆ. ಆಗಲಿಲ್ಲ. ಮರುದಿನದಿಂದ ತೋಳುದ್ದದ ಅಂಗಿ ತೊಟ್ಟುಕೊಂಡು, ವಾಚನ್ನು ಅದರ ಕೆಳಗೆ ಮುಚ್ಚಿಕೊಂಡು ಅವರ ಪಕ್ಕದಲ್ಲಿ ಕೂರುತ್ತಿದ್ದೆ. ಅವರು ಕೇಳಲಿಲ್ಲ. ನಾನು ಹೇಳಲಿಲ್ಲ.

ಅವರು ಹೋದದ್ದು ಒಂದು ಬೆಳಗ್ಗೆ, ಹಾಲಿನವನು ಬಂದು ಹೋದ ಮೇಲೆ. ಅಕ್ಕ ಹಾಲು ಕಾಯಿಸಿ ಬಂದು ನೋಡಿದರೆ ಉಸಿರಿರಲಿಲ್ಲ. ಅವಳು ಅಳಲಿಲ್ಲ. ಬಂದವರಿಗೆಲ್ಲ ಕೂರಲು ಚಾಪೆ ಹಾಸಿದಳು, ಹೂವು ತರಲು ಹೇಳಿದಳು. ಎಲ್ಲರೂ ಅವಳು ಅಳಲೆಂದು ಕಾಯುತ್ತಿದ್ದರು.

ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತೇವೆ. ಮಧ್ಯಾಹ್ನ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಮನೆಯ ಮುಂದೆ ಪದ್ಮಾಸನದಲ್ಲಿ ಕೂರಿಸಿದರು. ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಎಡ ಅಂಗೈಯಲ್ಲಿ ಇಷ್ಟಲಿಂಗವಿರಿಸಿ ಬಟ್ಟೆ ಸುತ್ತುತ್ತಿದ್ದರು. ಆಗ ಅಕ್ಕ ನನ್ನ ಹತ್ತಿರ ಬಂದಳು.

"ಬಿಚ್ಚಿಕೊಡು."

ಅಂಗಿಯ ತೋಳಿನ ಕೆಳಗಿತ್ತು ಅದು. ಅವಳಿಗೆ ಅಷ್ಟು ದಿನವೂ ಗೊತ್ತಿತ್ತೆಂದು ಆಗ ತಿಳಿಯಿತು. ಬಿಚ್ಚಿಕೊಟ್ಟೆ. ಮೈಬಿಸಿ ಆರಿರಲಿಲ್ಲ.

ಅವಳು ಭಾವನ ಮುಂದೆ ಕೂತಾಗ ದೊಡ್ಡಪ್ಪ, "ಗೌರಿ, ಅದೆಲ್ಲ ಮಣ್ಣಿಗೆ ಹಾಕ್ಬಾರ್ದು ಕಣವ್ವ. ಲೋಹ ಅದು. ನಂಜುಂಡ ಇಟ್ಕಳ್ಲಿ" ಎಂದರು.

"ಅದನ್ನ ಕಟ್ದೆ ಅವರು ಯಾವತ್ತೂ ಕೆಳಕ್ಕೆ ಇಳಿದೋರಲ್ಲ ದೊಡ್ಡಪ್ಪ" 
ಎಂದಳು ಅಕ್ಕ. ದನಿ ಏರಿರಲಿಲ್ಲ.

ಅಯ್ಯನವರು ಅವಳನ್ನೊಮ್ಮೆ ನೋಡಿ, "ಲಿಂಗದ ಕೈಗೆ ಬೇಡ ತಾಯಿ. ಬಲಗೈಗೆ ಕಟ್ಟು" ಎಂದರು.

ಅಕ್ಕ ಬಲಗೈಗೆ ಕಟ್ಟಿದಳು. ನನ್ನ ಅಳತೆಯ ಸರಪಳಿ, ಸಡಿಲವಾಗಿ ಜೋತಿತು. ಆಮೇಲೆ ಆ ಉಕ್ಕಿನ ಬಳೆಯನ್ನು ಎರಡು ಬೆರಳಲ್ಲಿ ಹಿಡಿದು, ಎಡಕ್ಕೆ, ಕಟ್ ಕಟ್ ಎಂದು ತಿರುಗಿಸುತ್ತಾ ಹೋಗಿ ತ್ರಿಕೋನವನ್ನು ನಿಮಿಷದ ಮುಳ್ಳಿನ ಎದುರಿಗೆ ತಂದು ನಿಲ್ಲಿಸಿದಳು. ಯಾರು ಹೇಳಿಕೊಟ್ಟಿದ್ದರೋ ಕಾಣೆ.

ಸಂಜೆಯ ಬಿಸಿಲಿರುವಾಗಲೇ ಮಣ್ಣು ಮಾಡಿ ಬಂದೆವು. ಮರುದಿನವೆಲ್ಲ ನೆಂಟರ ನಡುವೆ ಕೂತಿದ್ದ ನನ್ನ ತಲೆಯಲ್ಲಿದ್ದುದು ಒಂದೇ. ಕೈಯಿಂದ ಬಿಚ್ಚಿಟ್ಟ ವಾಚು ಆ ದಿನ ಓಡುತ್ತದೆ, ಮರುದಿನ ಪೂರ್ತಿ ಓಡುತ್ತದೆ, ಅದರ ಮರುದಿನ ಬೆಳಗಿನ ಹೊತ್ತಿಗೆ ಎಲ್ಲೋ ನಿಲ್ಲುತ್ತದೆ. ನಾನು ಕಟ್ಟಿ ತಿರುಗಾಡಿದ ಓಟ ಅದರಲ್ಲಿ ತುಂಬಿತ್ತು. ಯಾರಾದರೂ ಕಾಫಿ ಕೊಟ್ಟರೆ, ಈಗ ಓಡುತ್ತಿದೆ ಅನ್ನಿಸುತ್ತಿತ್ತು. ಯಾರಾದರೂ ಸಮಾಧಾನ ಹೇಳಿದರೆ, ಈಗಲೂ ಓಡುತ್ತಿದೆ ಅನ್ನಿಸುತ್ತಿತ್ತು. ಆ ಕತ್ತಲಲ್ಲಿ ಹಸಿರು ಬೊಟ್ಟುಗಳು ಎಷ್ಟು ಹೊತ್ತು ಉರಿದವೋ.

ಮೂರನೆಯ ದಿನ ಬೆಳಗ್ಗೆ ಹಾಲು ತುಪ್ಪ ಬಿಡಲು ರುದ್ರಭೂಮಿಗೆ ಹೋದೆವು. ಅಕ್ಕ ತಾನೂ ಬರುತ್ತೇನೆಂದಳು. ಮಣ್ಣು ಇನ್ನೂ ಹಸಿಯಾಗಿತ್ತು, ಹೂವು ಬಾಡಿತ್ತು. ಅಯ್ಯನವರು ಮಂತ್ರ ಹೇಳಿ ಹಾಲಿನ ಚೊಂಬನ್ನು ಅವಳ ಕೈಗೆ ಕೊಟ್ಟರು. ಅವಳು ಬಗ್ಗಿದವಳು ಹಾಗೇ ನಿಂತು ನನ್ನ ಕಡೆ ತಿರುಗಿದಳು.

"ಈಗ ಓಡ್ತಿರುತ್ತೇನೋ ಅದು?"

"ನಿಲ್ಲೋ ಹೊತ್ತು ಕಣಕ್ಕ. ನಿಂತಿರಬೋದು. ಇನ್ನೂ ಚೂರು ಓಡ್ತಿದ್ರೂ ಓಡ್ತಿರಬೋದು."

"ಅಂಗಾದ್ರೆ ತಡಿ" ಎಂದಳು. ಚೊಂಬನ್ನು ಎದೆಗೊತ್ತಿಕೊಂಡು ನೆಟ್ಟಗಾದಳು. "ಓಡ್ತಿರೋವಾಗ ನಾನು ಹಾಲು ಬಿಡಲ್ಲ."

ದೊಡ್ಡಪ್ಪ ಏನೋ ಹೇಳಲು ಹೋದರು. ಅಯ್ಯನವರು ಕೈಸನ್ನೆ ಮಾಡಿ ತಡೆದರು. ಎಲ್ಲರೂ ನಿಂತೆವು. ಬಿಸಿಲು ಏರುತ್ತಿತ್ತು. ಗೋಡೆಯಾಚೆ ಸಿಟಿ ಬಸ್ಸೊಂದು ನಿಂತು ಹೊರಟಿತು. ಅಕ್ಕ ನನ್ನ ಮುಖದಿಂದ ಕಣ್ಣು ಕೀಳಲಿಲ್ಲ. ಅಲ್ಲಿದ್ದವರಲ್ಲಿ ಅದರ ಓಟ ಬಲ್ಲವನು ನಾನೊಬ್ಬನೇ ಎಂದು ಅವಳು ನಂಬಿದ್ದಳು. ಮಣ್ಣಿನ ಕೆಳಗೆ ಏನು ನಡೆಯುತ್ತಿದೆಯೆಂದು ನನಗೇನು ಗೊತ್ತು? ಆದರೂ ಯಾರಾದರೊಬ್ಬರು ಹೇಳಬೇಕಾಗಿತ್ತು.

"ನಿಂತೋಯ್ತು ಅಕ್ಕ" ಎಂದೆ.

ಅವಳು ಹಾಲು ಬಿಟ್ಟಳು. ಅಳಲು ಶುರು ಮಾಡಿದ್ದು ಆಗ.